ಸೀವರ್ಟನ ಹೆಸರು

ನಮ್ಮ ದ್ವೀಪದಲ್ಲಿ ಹುಟ್ಟಿದ ಮೂವತ್ತೊಂದು ಮಕ್ಕಳನ್ನು ನಾನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡು ಹೋಗಿದ್ದೇನೆ. ತಾಯಿ ಬಾಣಂತಿ, ಆರು ವಾರ ತುಂಬುವವರೆಗೆ ಚರ್ಚಿನ ಹೊಸ್ತಿಲು ದಾಟುವಂತಿಲ್ಲ. ತಂದೆ ಚಳಿಗಾಲವಿಡೀ ದೂರದ ಲೋಫೋಟೆನ್ ದ್ವೀಪಗಳಲ್ಲಿ ಮೀನು ಹಿಡಿಯುತ್ತಿರುತ್ತಾನೆ. ಹಾಗಾಗಿ ಪಾದ್ರಿಗಳು ‘ಮಗುವಿನ ಹೆಸರೇನು’ ಎಂದು ಕೇಳಿದಾಗ ಬಾಯಿ ತೆರೆಯಬೇಕಾದವಳು ನಾನು. ನಾನು ಹೇಳಿದ್ದೇ ಹೆಸರು. ಒಮ್ಮೆ ನೀರು ಬಿತ್ತೆಂದರೆ ರಾಜನೇ ಬಂದರೂ ಬದಲಾಗುವುದಿಲ್ಲ. ಈ ಪೆಟ್ರಿಕ್ಕೆಯ ಬಾಯಿಗೆ ಹೆದರಿ ದಾರಿ ಬದಲಿಸುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಕೆಲಸಕ್ಕೆ ಮಾತ್ರ ಎಲ್ಲರಿಗೂ ನಾನೇ ಬೇಕು. ಕೊನೆಯ ಬೆಂಚಿನ ಕಿವುಡನಿಗೂ ನನ್ನ ದನಿ ಕೇಳಿಸುತ್ತದೆ.

ಮೂವತ್ತು ಸಲ ಹೆಸರು ಹೇಳಿ ಬಂದು ಹಾಯಾಗಿ ನಿದ್ದೆ ಮಾಡಿದ್ದೇನೆ. ಮೂವತ್ತೊಂದನೆಯದು ಯೋರ್ಡಿಸಳ ಮಗು.

ಹೊಸ ರಾಜ ಬಂದ ಎರಡನೆಯ ವರ್ಷದ ಮಾರ್ಚ್ ತಿಂಗಳು. ಯೋರ್ಡಿಸಳ ಗಂಡ ಸೀವರ್ಟ್ ಮಗು ಹುಟ್ಟಿದ ಸುದ್ದಿ ತಿಳಿದು, ಮೀನುಗಾರಿಕೆಯ ಋತು ಮುಗಿಯುವ ಮೊದಲೇ, ಪಕ್ಕದ ದ್ವೀಪದ ಮೂವರ ಜೊತೆ ಲೋಫೋಟೆನ್ನಿನಿಂದ ದೋಣಿ ಹತ್ತಿದ. ಹೊರಟ ಮರುದಿನವೇ ವಾಯವ್ಯದ ಬಿರುಗಾಳಿ ಎದ್ದಿತು. ಎರಡು ದಿನದ ದಾರಿ. ಹನ್ನೆರಡು ದಿನವಾದರೂ ದೋಣಿ ಬರಲಿಲ್ಲ.

ಸೀವರ್ಟ್ ಎಂಬ ಹೆಸರು ಅವನ ತಾಯಿ ಓಲುಫೀನೆಯ ತವರಿನದು. ಆ ಮನೆತನದಲ್ಲಿ ಸೀವರ್ಟರಿಗೆ ಬರವಿಲ್ಲ. ಚರ್ಚಿನ ಗಂಟೆಯನ್ನು ದೋಣಿಯಿಂದ ದಿಬ್ಬದವರೆಗೆ ಬೆನ್ನಮೇಲೆ ಹೊತ್ತು, ಅಂದಿನಿಂದ ತಾನು ಎರಡು ಬೆರಳು ಕುಳ್ಳಗಾದೆ ಎಂದು ಸಾಯುವವರೆಗೂ ಗೊಣಗಿದವನು ಒಬ್ಬ ಸೀವರ್ಟ್. ದಟ್ಟ ಮಂಜಿನಲ್ಲಿ ದಡದ ಕುರಿಗಳ ಗಂಟೆಯ ಸದ್ದು ಕೇಳಿಕೊಂಡೇ ಉಪ್ಪಿನ ಹಡಗನ್ನು ಬಂಡೆಗಳ ನಡುವೆ ಪಾರುಮಾಡಿಸಿದವನು ಇನ್ನೊಬ್ಬ. ಅಮೆರಿಕಕ್ಕೆ ಹೋಗಿ ಏಳು ವರ್ಷ ದುಡಿದು ಒಂದು ಚಿನ್ನದ ಹಲ್ಲು, ಒಂದು ಓಡದ ಗಡಿಯಾರ ಇಷ್ಟೇ ತಂದವನು ಮತ್ತೊಬ್ಬ. ಅವನ ಹೆಸರನ್ನೂ ಬಿಡದೆ ಇಟ್ಟರು. ಓಲುಫೀನೆಯ ಅಪ್ಪ ಸೀವರ್ಟ್ ಬೋರಲು ಬಿದ್ದ ದೋಣಿಯ ಮೇಲೆ ಒಂದಿಡೀ ಹಗಲು ಬದುಕುಳಿದವನು. ನಮ್ಮ ಗಂಡಸರು ಸೊಂಟದ ಚಾಕು ಬಿಟ್ಟು ಕಡಲಿಗೆ ಹೋಗುವುದಿಲ್ಲ. ದೋಣಿ ಮಗುಚಿದರೆ ಅದರ ಅಡಿಮರಕ್ಕೆ ಚಾಕು ಚುಚ್ಚಿ, ಹಿಡಿಗೆ ಹಗ್ಗ ಬಿಗಿದು, ಅದಕ್ಕೆ ತಮ್ಮ ಮೈ ಕಟ್ಟಿಕೊಳ್ಳುತ್ತಾರೆ. ಹಿಡಿಯಮೇಲೆ ಮನೆಯ ಗುರುತು ಕೊರೆದಿರುತ್ತದೆ. ಮನುಷ್ಯ ಹೋದರೂ ಯಾರು ಹೋದರೆಂದು ಚಾಕು ಹೇಳುತ್ತದೆ.

ಹೆಸರಿಗೆ ನಮ್ಮಲ್ಲಿ ಕಟ್ಟಳೆ ಇದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಯೋರ್ಡಿಸಳ ಮಾವ ಮಿಕಾಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹುಡುಗ ಮಿಕಾಲ್ ಆಗಬೇಕು. ಆದರೆ ದೀಕ್ಷಾಸ್ನಾನಕ್ಕೆ ಮೊದಲೇ ಮಗುವಿನ ಅಪ್ಪ ಸತ್ತಿದ್ದರೆ ಅಜ್ಜ ಹಿಂದೆ ಸರಿಯಬೇಕು, ಅಪ್ಪನ ಹೆಸರೇ ಮಗನಿಗೆ. ಇಲ್ಲದಿದ್ದರೆ ಸತ್ತವನು ನೆಲೆಯಿಲ್ಲದೆ ಅಲೆಯುತ್ತಾನೆ. ಇನ್ನು ಬದುಕಿರುವ ಅಪ್ಪನ ಹೆಸರನ್ನು ಮಗನಿಗೆ ಇಡುವುದೆಂದರೆ, ‘ಇವನದು ನಮಗೆ ಮುಗಿಯಿತು, ನೀನು ತೆಗೆದುಕೋ’ ಎಂದು ಕಡಲಿಗೆ ನಾವೇ ಹೇಳಿದ ಹಾಗೆ. ಪಾದ್ರಿಗಳು ಇದನ್ನು ಕೇಳಿದರೆ ನಗುತ್ತಾರೆ. ಅವರು ಒಳನಾಡಿನವರು, ನಗಲಿ.

ಶನಿವಾರ ಮಧ್ಯಾಹ್ನ ಬಾಣಂತಿಗೆಂದು ಕೆನೆಗಂಜಿ ತೆಗೆದುಕೊಂಡು ಹೋದೆ. ಅತ್ತೆ ಸೊಸೆ ತೊಟ್ಟಿಲಿನ ಆಚೆಯೊಬ್ಬಳು ಈಚೆಯೊಬ್ಬಳು ಕುಳಿತಿದ್ದರು. ಮಗುವಿಗೆ ಹದಿನಾರು ದಿನ, ಬೆಕ್ಕಿನ ಮರಿಯಷ್ಟು ಕ್ಷೀಣವಾಗಿ ಕೂಗುತ್ತಿತ್ತು. ಪಾದ್ರಿಗಳು ನಮ್ಮ ಕಡೆಯ ಚರ್ಚಿಗೆ ಬರುವುದು ಐದು ವಾರಕ್ಕೊಮ್ಮೆ, ಮರುದಿನ ಆ ಭಾನುವಾರ. ಅಂಥ ಮಗುವನ್ನು ಇನ್ನೂ ಐದು ವಾರ ಹೆಸರಿಲ್ಲದೆ ಇಡಲು ಯಾರಿಗೂ ಧೈರ್ಯವಿರಲಿಲ್ಲ.

“ನೆನ್ನೆ ಕನಸಲ್ಲಿ ಬಂದಿದ್ದ ಕಣೇ ಪೆಟ್ರಿಕ್ಕೆ,” ಓಲುಫೀನೆ ಹೇಳಿದಳು. “ಬಾಗಿಲಲ್ಲಿ ನಿಂತಿದ್ದ. ಮೈಯೆಲ್ಲಾ ಒದ್ದೆ. ಒಂದು ಮಾತೂ ಆಡ್ಲಿಲ್ಲ, ತೊಟ್ಲು ಕಡೆಗೇ ನೋಡ್ತಿದ್ದ. ಹೆಸ್ರು ಕೇಳೋಕೆ ಬಂದಿದಾನೆ.”

“ಹೆಸ್ರು ಕೇಳೋರು ಮಗು ಹೆತ್ತೋಳ ಕನಸಿಗೆ ಬರ್ತಾರೆ ಅತ್ತೆ,” ಯೋರ್ಡಿಸ್ ತಲೆ ಎತ್ತದೆ ಹೇಳಿದಳು. “ನನ್ನ ಕನಸಿಗೆ ಬಂದಿಲ್ಲ.”

“ನೀನು ನಿದ್ದೆ ಮಾಡಿದ್ರೆ ತಾನೇ ಬರೋಕೆ!”

“ಅವ್ರು ಸತ್ತಿಲ್ಲ.”

“ನಾನು ಹೆತ್ತಿರೋನು ಕಣೇ ಅವ್ನು. ನನಗೇನು ಖುಷೀನಾ ಹೀಗೆ ಹೇಳೋಕೆ?”

“ಹಾಗಾದ್ರೆ ಹೇಳ್ಬೇಡಿ.”

ನಾನು ಗಂಜಿಯ ಪಾತ್ರೆ ಹಿಡಿದು ಕಂಬದ ಹಾಗೆ ನಿಂತಿದ್ದೆ. ಇಬ್ಬರೂ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಗೆ ಬಂದಾಗ ಓಲುಫೀನೆ ಹಿಂದೆಯೇ ಬಂದು ನನ್ನ ಶಾಲು ಹಿಡಿದಳು. “ಮಿಕಾಲ್ ನನ್ನ ಗಂಡ. ಅವನ ಹೆಸರು ಬಿಟ್ಟುಕೊಡ್ತಿದೀನಿ ಅಂದ್ರೆ ಸುಮ್ನೆ ಬಿಟ್ಟುಕೊಡ್ತಿದೀನಾ? ಗಂಡಂಗೆ ಸಮಾಧಿ ಇದೆ, ಕಲ್ಲಿದೆ. ನನ್ನ ಮಗನಿಗೆ ಏನಿದೆ ಹೇಳು? ನಾಳೆ ಬಾಯಿ ನಿಂದು ಪೆಟ್ರಿಕ್ಕೆ.”

“ಆಯ್ತು ಕಣೇ,” ಎಂದೆ. ಏನು ಮಾಡಲಿ, ಜೊತೆಯಲ್ಲಿ ಆಡಿ ಬೆಳೆದವಳು.

ಮರುದಿನ ಬೆಳಿಗ್ಗೆ ಯೋರ್ಡಿಸ್ ಮಗುವಿಗೆ ಬಿಳಿ ಅಂಗಿ ತೊಡಿಸಿ ನನ್ನ ಕೈಗೆ ಕೊಟ್ಟಳು. ಕೊಟ್ಟವಳು ಕೈ ಬಿಡಲಿಲ್ಲ.

“ದೊಡ್ಡಮ್ಮ, ಏನಂತ ಹೇಳ್ತೀರಿ?”

“ಮಿಕಾಲ್.”

“ನನ್ನ ಮುಖ ನೋಡಿ ಹೇಳಿ.”

“ಮಿಕಾಲ್ ಕಣಮ್ಮ.”

ಆಗ ಕೈಬಿಟ್ಟಳು. ನಾನು ಆ ಮಾತನ್ನು ಮನಸಾರೆ ಹೇಳಿದ್ದೆ. ಮಗನನ್ನು ಕಳೆದುಕೊಂಡ ತಾಯಿಗಿಂತ ಗಂಡನಿಗಾಗಿ ಕಾಯುತ್ತಿರುವ ಹೆಂಡತಿಗೆ ಹೆಚ್ಚು ಹಕ್ಕಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಓಲುಫೀನೆ ದೋಣಿಯ ಎದುರು ಹಲಗೆಯಲ್ಲಿ ಕುಳಿತು ಹುಟ್ಟು ಹಾಕುತ್ತಿದ್ದಳು. ಚರ್ಚಿನ ದ್ವೀಪಕ್ಕೆ ಒಂದು ಗಂಟೆಯ ದಾರಿ. ಅವಳ ಕಣ್ಣು ತಪ್ಪಿಸಲು ಮಗುವಿನ ಟೋಪಿ ಸರಿಮಾಡಿದೆ, ಮಾಡಿದ್ದನ್ನೇ ಮತ್ತೆ ಮಾಡಿದೆ.

ದಡ ಹತ್ತಿ ದಿಬ್ಬ ಏರುವಾಗ ಚರ್ಚಿನ ಗಂಟೆ ಬಾರಿಸುವ ಹಾರ್ಟ್ವಿಗ್ ನನ್ನನ್ನು ಗೋಡೆಯ ಮರೆಗೆ ಕರೆದ. ಹಾರ್ಟ್ವಿಗ್ ಇಲ್ಲದ ಸುದ್ದಿಯನ್ನೂ ಸಂಭ್ರಮದಿಂದ ಹೇಳುವವನು. ಆ ದಿನ ಮಾತ್ರ ಪಿಸುಗುಟ್ಟಿದ.

“ಅಕ್ಕಾ, ದೋಣಿ ಸಿಕ್ತು. ಬೋರಲಾಗಿ ತೇಲ್ತಿತ್ತಂತೆ, ಹೊರಗಿನ ಬಂಡೆ ಹತ್ರ. ಬೆಳಿಗ್ಗೆ ಎಳ್ಕೊಂಡು ಬಂದು ದೋಣಿಮನೆ ಹಿಂದೆ ಕಟ್ಟಿದಾರೆ. ಅಡಿಮರದಲ್ಲಿ ಒಂದೇ ಒಂದು ಚಾಕು ಇದೆ.”

“ಯಾರ ಗುರುತು?”

“ಸೀವರ್ಟಂದೇ. ಮೀನಿನ ಬಾಲ, ಮೂರು ಗೀರು. ನಾನೇ ಕಣ್ಣಾರೆ ನೋಡ್ದೆ.”

“ಜನ?”

ತಲೆ ಆಡಿಸಿದ. “ಖಾಲಿ. ಓಲುಫೀನೆಗೆ ಈಗ್ಲೇ ಹೇಳ್ಬೇಡ. ಪ್ರಾರ್ಥನೆ ಮುಗಿದ್ಮೇಲೆ ಪಾದ್ರಿಗಳೇ ಹೇಳ್ತಾರಂತೆ.”

ಒಳಗೆ ಹೋಗಿ ಮೊದಲ ಬೆಂಚಿನಲ್ಲಿ ಕುಳಿತೆ. ಪಾದ್ರಿಗಳು ಕಡಲಮೇಲಿರುವವರಿಗಾಗಿ ಪ್ರಾರ್ಥನೆ ಓದಿದರು. ಓಲುಫೀನೆ ‘ಆಮೆನ್’ ಎಂದಳು. ಅವಳಿಗೆ ಇನ್ನೂ ಗೊತ್ತಿಲ್ಲ, ನನಗೆ ಗೊತ್ತು. ಕನಸು ನಿಜವಾಗಿತ್ತು. ಸೀವರ್ಟ್ ಹೋಗಿದ್ದ, ಅವನ ಮಗ ನನ್ನ ತೊಡೆಯ ಮೇಲೆ ಬೆಚ್ಚಗೆ ಮಲಗಿದ್ದ. ನಾನೀಗ ಮಿಕಾಲ್ ಎಂದರೆ ಸೀವರ್ಟ್ ಒದ್ದೆಮೈಯಲ್ಲಿ ಯಾರ ಬಾಗಿಲಲ್ಲಿ ನಿಲ್ಲಬೇಕು? ಅವನು ನನ್ನ ಕೈಯಲ್ಲೇ ದೀಕ್ಷಾಸ್ನಾನವಾದವನು, ನನ್ನ ಹನ್ನೊಂದನೆಯ ಮಗು. ಇನ್ನೊಂದು ಕಡೆ ಯೋರ್ಡಿಸಳಿಗೆ ಕೊಟ್ಟ ಮಾತು. ಅವಳಿಗೂ ಈ ಸುದ್ದಿ ತಿಳಿದಿದ್ದರೆ ಅವಳೇ ಸೀವರ್ಟ್ ಎನ್ನುತ್ತಿದ್ದಳಲ್ಲವೇ? ಅನ್ನುತ್ತಿದ್ದಳು, ಖಂಡಿತ ಅನ್ನುತ್ತಿದ್ದಳು ಎಂದು ನಾನೇ ತೀರ್ಮಾನ ಮಾಡಿದೆ. ನನ್ನ ಜನ್ಮಕ್ಕೆ ಅಂಟಿದ ಚಟ ಅದು, ಬೇರೆಯವರ ಮನಸ್ಸನ್ನು ನಾನೇ ಓದಿ ಮುಗಿಸುವುದು.

“ಮಗುವಿನ ಹೆಸರೇನು?” ಪಾದ್ರಿಗಳು ಕೇಳಿದರು.

ನೀರಿನ ತೊಟ್ಟಿಯ ಅಂಚು ಹಿಡಿದುಕೊಂಡೆ. ಹಿಂದೆ ಯಾರೋ ಕೆಮ್ಮಿದರು. ಪಾದ್ರಿಗಳು ಎರಡನೆಯ ಸಲ ಕೇಳಿದರು.

“ಸೀವರ್ಟ್,” ಎಂದೆ. ಕೊನೆಯ ಬೆಂಚಿನವರೆಗೂ ಕೇಳಿಸಿತು.

ಮೂರು ಸಲ ನೀರು ಬಿತ್ತು. ಹಾರ್ಟ್ವಿಗ್ ಚರ್ಚಿನ ದಾಖಲೆ ಪುಸ್ತಕದಲ್ಲಿ ಬರೆದ. ಆಮೇಲೆ ಪಾದ್ರಿಗಳು ದೋಣಿಯ ವಿಷಯ ಹೇಳಿದರು. ಇಡೀ ಚರ್ಚು ಓಲುಫೀನೆಯ ಕಡೆ ತಿರುಗಿತು. ಅವಳು ಅಳಲಿಲ್ಲ. ನನ್ನ ಕೈ ಹಿಡಿದು, “ಸರಿಯಾಗಿ ಹೇಳ್ದೆ ಕಣೇ,” ಎಂದಳು. ಅವಳು ಹಾಗೆ ಹೇಳದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದಾಗ ಯೋರ್ಡಿಸ್ ಬಾಗಿಲಲ್ಲೇ ನಿಂತಿದ್ದಳು. ಹೇಗೆ ಹೇಳುವುದೆಂದು ದಾರಿಯಲ್ಲಿ ನಾಲ್ಕು ಬಗೆಯಲ್ಲಿ ಯೋಚಿಸಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

“ದೋಣಿ ಸಿಕ್ತು ಯೋರ್ಡಿಸ್. ಅವನ ಚಾಕು ಇದೆ. ಅವನಿಲ್ಲ. ಅದಕ್ಕೇ... ಸೀವರ್ಟ್ ಅಂತ ಹೇಳ್ದೆ.”

ಅವಳು ಮಗುವನ್ನು ತೆಗೆದುಕೊಂಡಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅನಿಸಿತು. ಆದರೆ ಅವಳು ಕೇಳಿದ್ದೇ ಬೇರೆ.

“ಚಾಕುಗೆ ಹಗ್ಗ ಕಟ್ಟಿತ್ತಾ?”

“ಹಗ್ಗ... ಇದ್ದಿರಬೇಕು.”

“ಹಗ್ಗದ ತುದಿ ಹೇಗಿತ್ತು ದೊಡ್ಡಮ್ಮ? ಹರಿದಿತ್ತಾ, ಕೊಯ್ದಿತ್ತಾ?”

ನಾನು ಓಲುಫೀನೆಯ ಮುಖ ನೋಡಿದೆ, ಅವಳು ನನ್ನದು ನೋಡಿದಳು. ಹುಟ್ಟಿದಂದಿನಿಂದ ಕಡಲ ದಂಡೆಯಲ್ಲಿ ಬದುಕಿದ ಇಬ್ಬರು ಮುದುಕಿಯರು. ಇಬ್ಬರಲ್ಲಿ ಒಬ್ಬಳಿಗೂ ಇದು ಹೊಳೆದಿರಲಿಲ್ಲ. ಅಲೆ ಮನುಷ್ಯನನ್ನು ಕಿತ್ತುಕೊಂಡರೆ ಹಗ್ಗ ನಾರುನಾರಾಗಿ ಹರಿಯುತ್ತದೆ. ಬೇರೆ ಹಡಗಿನವರು ಬಂದು ಬಿಡಿಸಿದರೆ, ಒದ್ದೆ ಗಂಟು ಬಿಚ್ಚುತ್ತಾ ಕೂರುವುದಿಲ್ಲ, ಕೊಯ್ದು ಎತ್ತಿಕೊಂಡು ಹೋಗುತ್ತಾರೆ.

“ನೋಡ್ಲಿಲ್ಲ,” ಎಂದೆ.

“ನೋಡ್ಲಿಲ್ಲ,” ಯೋರ್ಡಿಸ್ ನನ್ನ ಮಾತನ್ನೇ ಹೇಳಿದಳು. “ನೋಡ್ದೇನೇ ಕೊಟ್ಬಿಟ್ರಾ?”

ನಾನೂ ಓಲುಫೀನೆಯೂ ಮತ್ತೆ ದೋಣಿಗಿಳಿದೆವು. ಊಟವಿಲ್ಲ, ಕಾಫಿಯೂ ಇಲ್ಲ. ಎದುರುಗಾಳಿ. ಅರವತ್ತು ದಾಟಿದ ಕೈಗಳಲ್ಲಿ ಹುಟ್ಟು ಹಾಕಿ ಹಾಕಿ ಬೊಬ್ಬೆ ಎದ್ದವು. ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಏನೆಂದು ಬೇಡುತ್ತಿದ್ದೇನೆ ಎಂದು ಅರ್ಧ ದಾರಿಯಲ್ಲಿ ತಿಳಿದು ಬೆವೆತುಹೋದೆ. ಹಗ್ಗ ಹರಿದಿರಲಿ ದೇವರೇ, ನನ್ನ ಮಾತು ತಪ್ಪಾಗದಿರಲಿ ಎಂದು ಬೇಡುತ್ತಿದ್ದೆ. ಅಂಥವಳು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ದೋಣಿಮನೆಯ ಹಿಂದೆ ಆ ದೋಣಿ ಹೊಟ್ಟೆ ಮೇಲಾಗಿ ಬಿದ್ದಿತ್ತು. ಚಾಕು ಹಿಡಿಯವರೆಗೂ ಮರದೊಳಗೆ ಹೊಕ್ಕಿತ್ತು. ಒಂದು ಮೊಳ ಹಗ್ಗ ನೇತಾಡುತ್ತಿತ್ತು. ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಓಲುಫೀನೆ ಮಂಡಿಯೂರಿ ಹಗ್ಗದ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು.

“ಕೊಯ್ದಿದಾರೆ,” ಎಂದಳು.

ನಾನೂ ಮುಟ್ಟಿ ನೋಡಿದೆ. ಬೆಣ್ಣೆ ಕೊಯ್ದ ಹಾಗೆ ಸಮನಾಗಿತ್ತು. ಯಾರೋ ಅವನನ್ನು ಎತ್ತಿಕೊಂಡು ಹೋಗಿದ್ದರು. ಜೀವಂತವಾಗಿದ್ದನೋ ಇಲ್ಲವೋ, ಎತ್ತಿಕೊಂಡು ಹೋಗಿದ್ದರು. ಸತ್ತವನಿಗಾಗಿ ಅಂಥ ಅಲೆಯಲ್ಲಿ ಯಾರೂ ಕೈ ಚಾಚುವುದಿಲ್ಲ.

ಬೇರೆ ತಾಯಿಯಾಗಿದ್ದರೆ ಕುಣಿಯುತ್ತಿದ್ದಳು. ಓಲುಫೀನೆ ಕಲ್ಲಿನ ಮೇಲೆ ಕುಸಿದು ಕುಳಿತು, “ಬದುಕಿದ್ದೋನ ಹೆಸರು ಕಿತ್ಕೊಂಡ್ವಲ್ಲೇ ಪೆಟ್ರಿಕ್ಕೆ,” ಎಂದು ಎದೆ ಹಿಡಿದುಕೊಂಡಳು.

ಪಾದ್ರಿಗಳ ದೋಣಿ ಹೊರಡಲು ಸಿದ್ಧವಾಗಿತ್ತು. ಇಬ್ಬರೂ ಓಡಿದೆವು. ಓಲುಫೀನೆ ನೀರಿಗೇ ಇಳಿದು ದೋಣಿಯ ಅಂಚು ಹಿಡಿದಳು.

“ಅಯ್ಯಾ, ಪುಸ್ತಕದಲ್ಲಿ ಆ ಹೆಸರು ಹೊಡೆದುಹಾಕಿ. ಮಿಕಾಲ್ ಅಂತ ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಏನಮ್ಮ ಇದು?” ಪಾದ್ರಿಗಳು ಕೆಟ್ಟವರಲ್ಲ, ಅವಳ ಒದ್ದೆ ಲಂಗ ನೋಡಿ ಮರುಗಿದರು. “ದೇವರ ಮುಂದೆ ಇಟ್ಟ ಹೆಸರು. ಬಟ್ಟೆ ಬದಲಾಯಿಸಿದ ಹಾಗೆ ಬದಲಾಯಿಸೋಕಾಗುತ್ತಾ? ಒಂದು ಹೆಸರಿನಿಂದ ಯಾರೂ ಸಾಯಲ್ಲ. ಮನೆಗೆ ಹೋಗಿ.”

ಹಾಗೆ ಹೇಳಿ ಹೊರಟುಹೋದರು. ಪುಸ್ತಕ ಅವರ ಪೆಟ್ಟಿಗೆಯಲ್ಲೇ ಹೋಯಿತು.

ಆಮೇಲಿನ ಒಂಬತ್ತು ದಿನ ನಾನು ತಿಂದದ್ದು ಮೈಗೆ ಹತ್ತಲಿಲ್ಲ. ಗಾಳಿ ಎದ್ದಾಗಲೆಲ್ಲ ನನ್ನ ದನಿಯೇ ನನಗೆ ಕೇಳಿಸುತ್ತಿತ್ತು. ಅವನು ಯಾವುದೋ ಹಡಗಿನಲ್ಲಿ, ಯಾವುದೋ ಹಾಸಿಗೆಯಲ್ಲಿ ಜೀವ ಹಿಡಿದುಕೊಂಡಿದ್ದರೆ, ಅದನ್ನು ಬಿಡಿಸುವ ಮಾತು ನನ್ನ ಬಾಯಿಂದ ಹೊರಟಿತ್ತು. ಯೋರ್ಡಿಸ್ ನನ್ನನ್ನು ಬೈಯಲಿಲ್ಲ, ಮಾತನ್ನೂ ಆಡಲಿಲ್ಲ. ಮಗುವನ್ನು ‘ಪುಟ್ಟಾ’ ಎಂದು ಕರೆಯುತ್ತಿದ್ದಳು. ಓಲುಫೀನೆಯೂ ಹೆಸರು ಹಿಡಿಯಲಿಲ್ಲ. ಅಂಗಡಿಯಲ್ಲಿ ಯಾರೋ ಹೆಂಗಸು “ಪುಟ್ಟ ಸೀವರ್ಟ್ ಹೇಗಿದಾನೆ?” ಎಂದು ಕೇಳಿದ್ದಕ್ಕೆ ಅವಳು ತೂಗಿಸಿದ ಹಿಟ್ಟನ್ನು ಅಲ್ಲೇ ಬಿಟ್ಟು ಹೊರಟುಬಂದಳಂತೆ. ಆಮೇಲೆ ಊರಿನಲ್ಲಿ ಯಾರೂ ಕೇಳಲಿಲ್ಲ.

ಹತ್ತನೆಯ ದಿನ ಟೆಲಿಗ್ರಾಂ ಬಂತು. ಉತ್ತರದ ತುದಿಯ ವಾರ್ಡೋದಿಂದ. ಉತ್ತರಕ್ಕೆ ಹೊರಟಿದ್ದ ಹಾಯಿಹಡಗೊಂದು ಅವನನ್ನು ಎತ್ತಿಕೊಂಡು, ದಾರಿಯಲ್ಲಿ ಎಲ್ಲೂ ನಿಲ್ಲದೆ, ಅಲ್ಲಿ ಇಳಿಸಿತ್ತು. ಉಳಿದ ಮೂವರು ಇಲ್ಲ. ಅವನು ಬದುಕಿದ್ದಾನೆ, ಮುಂದಿನ ವಾರದ ಹಡಗಿಗೆ ಬರುತ್ತಾನೆ. ಯೋರ್ಡಿಸ್ ಆ ಕಾಗದ ಓದಿದ ಮೇಲೆ ಮೊದಲ ಬಾರಿ ಅತ್ತಳು. ಅತ್ತು ಮುಗಿಸಿ ನನ್ನ ಕಡೆ ತಿರುಗಿ ಕೇಳಿದಳು, “ಇನ್ನು ಅವ್ರು ಬಂದು ಕೇಳ್ತಾರಲ್ಲ. ಏನು ಹೇಳ್ಲಿ?” ಗೊತ್ತಾದ ಮೇಲೆ ಅವನು ಮತ್ತೆ ದೋಣಿ ಹತ್ತುವುದು ಹೇಗೆ? ಹತ್ತದೆ ಬದುಕುವುದು ಹೇಗೆ? ತನ್ನ ಹೆಸರು ಕಡಲಿಗೆ ಸಂದಿದೆ ಎಂದು ತಿಳಿದ ಗಂಡಸಿನ ಕೈ ಅಲೆಯೆದುರು ನಡುಗುತ್ತದೆ. ನಡುಗಿದ ಕೈ ತಪ್ಪುತ್ತದೆ. ಹೆಸರಿನಿಂದ ಯಾರೂ ಸಾಯುವುದಿಲ್ಲ ಎಂದರು ಪಾದ್ರಿಗಳು. ಹೆದರಿಕೆಯಿಂದ ಸಾಯುತ್ತಾರೆ, ಅದನ್ನು ನಾನು ನೋಡಿದ್ದೇನೆ.

ಹಡಗಿನ ದಿನ ಊರಿಗೆ ಊರೇ ಹಡಗುಕಟ್ಟೆಯ ಮೇಲಿತ್ತು. ದೊಡ್ಡ ಹಡಗು ದೂರದಲ್ಲೇ ನಿಂತಿತು, ಚಿಕ್ಕ ದೋಣಿ ಅವನನ್ನು ಕರೆತಂದಿತು. ಅರ್ಧಕ್ಕರ್ಧ ಇಳಿದುಹೋಗಿದ್ದ. ಎಡಗೈಗೆ ಬಟ್ಟೆ ಸುತ್ತಿತ್ತು. ಎರಡು ಬೆರಳು ಹಿಮಕ್ಕೆ ಹೋಗಿದ್ದವು. ಓಲುಫೀನೆ ಅವನ ಮುಖ, ಕಿವಿ, ಕುತ್ತಿಗೆ ಎಲ್ಲ ಮುಟ್ಟಿ ನೋಡಿದಳು. ಅವನು ಹೆಂಡತಿಯ ಮುಂದೆ ನಿಂತು ಮಗುವಿನ ಮುಖದ ಬಟ್ಟೆ ಸರಿಸಿದ.

“ಎರಡು ಹಗಲು ಒಂದು ರಾತ್ರಿ,” ಎಂದ. ದನಿ ಇನ್ನೂ ಒಡೆದಿತ್ತು. “ಎರಡನೇ ದಿನ ಸಾಕಾಯ್ತು. ಪಕ್ಕದಲ್ಲಿ ಯಾರೂ ಉಳಿದಿರಲಿಲ್ಲ. ಹಗ್ಗ ಬಿಚ್ಚಿ ಬಿಡೋಣ, ಹೆಂಗೂ ಮಗಂಗೆ ನನ್ನ ಹೆಸ್ರು ಸಿಗುತ್ತೆ, ನೆಲೆ ಅಂತ ಒಂದಾಗುತ್ತೆ ಅಂದ್ಕೊಂಡೆ. ಗಂಟಿಗೆ ಕೈ ಹಾಕಿದ್ದೆ. ಆಗ ನೆನಪಾಯ್ತು, ಇವಳು ಕೊಡಲ್ಲ. ಯಾರು ಏನೇ ಹೇಳ್ಲಿ, ಇವಳು ಆ ಹೆಸ್ರು ಕೊಡಕ್ಕೆ ಬಿಡಲ್ಲ, ಕಾಯ್ಕೊಂಡು ಕೂತಿರ್ತಾಳೆ. ಹಾಳಾದೋಳು, ಹಠಮಾರಿ, ಇವಳಿಗೋಸ್ಕರ ಹೋಗ್ಲೇಬೇಕಲ್ಲಪ್ಪಾ ಅಂತ ಬೈಕೊಂಡು ಹಿಡ್ಕೊಂಡಿದ್ದೆ.”

ನಕ್ಕ. ನಕ್ಕು ಎಲ್ಲರ ಮುಖ ನೋಡಿದ.

“ಏನು ಹೆಸ್ರಿಟ್ರಿ?”

ಯೋರ್ಡಿಸ್ ತಲೆ ತಗ್ಗಿಸಿದಳು. ಹೇಳಬೇಕಾದವಳು ನಾನೇ ಎಂದು ಅವನಿಗೂ ಗೊತ್ತು, ನನ್ನ ಕಡೆ ತಿರುಗಿದ. ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ನನ್ನ ಗಂಟಲಿನಿಂದ ಸದ್ದೇ ಹೊರಡಲಿಲ್ಲ.

“ಏನು ದೊಡ್ಡಮ್ಮ, ಮರ್ತುಹೋಯ್ತಾ?” ಅವನ ನಗು ನಿಂತಿತ್ತು.

“ಮಿಕಾಲ್,” ಎಂದಳು ಓಲುಫೀನೆ.

ಅವಳು ನಮ್ಮಿಬ್ಬರ ನಡುವೆ ಬಂದು ನಿಂತಿದ್ದಳು. ಬೆನ್ನು ನೆಟ್ಟಗಿತ್ತು. “ನಿಮ್ಮಪ್ಪನ ಹೆಸರು. ಮೊದಲನೇ ಮಗಂಗೆ ಬೇರೆ ಯಾವ ಹೆಸರು ಇಡ್ತಾರೋ? ನನ್ನ ಮಗ ಬದುಕಿದಾನೆ ಅಂತ ನನಗೆ ಗೊತ್ತಿರಲಿಲ್ವಾ? ಇವಳು ಪೆಟ್ರಿಕ್ಕೆ, ಇಡೀ ಚರ್ಚಿಗೆ ಕೇಳೋ ಹಾಗೆ ಹೇಳಿದ್ಲು. ಹೇಳೇ!”

“ಮಿಕಾಲ್,” ಎಂದೆ. “ಕೇಳೋ ಹಾಗೇ ಹೇಳ್ದೆ.”

ಸೀವರ್ಟ್ ಉಸಿರು ಬಿಟ್ಟ. ಬಟ್ಟೆ ಸುತ್ತಿದ ಕೈಯನ್ನು ಮಗುವಿನ ಎದೆಯಮೇಲೆ ಇಟ್ಟು, “ಮಿಕಾಲ್, ಏ ಮಿಕಾಲ್,” ಎಂದು ಕರೆದ. ಯೋರ್ಡಿಸ್ ಅತ್ತೆಯ ಕೈಯನ್ನು ಹುಡುಕಿ ಹಿಡಿದುಕೊಂಡಳು. ಕಟ್ಟೆಯ ಮೇಲೆ ನಲವತ್ತು ಜನರಾದರೂ ಇದ್ದರು. ಎಲ್ಲರೂ ಆ ಭಾನುವಾರ ಚರ್ಚಿನಲ್ಲಿ ಕುಳಿತು ನನ್ನ ದನಿ ಕೇಳಿದವರೇ. ಒಬ್ಬರಾದ ಮೇಲೊಬ್ಬರು ಮುಂದೆ ಬಂದು, ಮಗುವಿನ ಕೆನ್ನೆ ಮುಟ್ಟಿ, ಮಿಕಾಲ್ ಎಂದು ಕರೆದು ಹೋದರು. ಸೀವರ್ಟ್ ಎಂದು ಪುಸ್ತಕದಲ್ಲಿ ಬರೆದ ಹಾರ್ಟ್ವಿಗ್ ಕೂಡ ಕರೆದ.